ದೂಳು ತೂರುವ ಆಕಾಶದ ಕಲ್ಲು

ಬಬಲೇಶ್ವರ ತಾಲ್ಲೂಕಿನ ನಿಡೋಣಿಯಂಥ ಊರಿನಲ್ಲಿ ಹೊಲದ ಜಾತಿ ಹೇಳಲು ಪ್ರಯೋಗಾಲಯ ಬೇಕಿಲ್ಲ. ಕರ್ರಗಿದ್ದರೆ ಎರಿ, ಕೆಂಪಗಿದ್ದರೆ ಮಸಾರಿ. ಎರಿಯಲ್ಲಿ ಬಿಳಿಜೋಳ ಹೇಗೆ ಬಂದೀತು, ಮಸಾರಿಯಲ್ಲಿ ನೀರು ಎಷ್ಟು ಹೊತ್ತು ನಿಂತೀತು ಎಂಬುದನ್ನು ರೈತ ಬದುವಿನ ಮೇಲೆ ನಿಂತೇ ಹೇಳುತ್ತಾನೆ. ಕೋಟಿಗಟ್ಟಲೆ ಕಿಲೊಮೀಟರ್ ಆಚೆ ಸುತ್ತುವ ಕ್ಷುದ್ರಗ್ರಹಗಳ ಮಣ್ಣನ್ನೂ ವಿಜ್ಞಾನಿಗಳು ಹೀಗೆಯೇ, ಬಣ್ಣ ನೋಡಿಯೇ ಗುರುತಿಸುತ್ತಾರೆ. ಆದರೆ ಅಲ್ಲಿ ಬಣ್ಣ ಮೋಸ ಮಾಡುವುದೂ ಉಂಟು.

6478 ಗಾಲ್ಟ್ ಎಂಬ ಕ್ಷುದ್ರಗ್ರಹದ ಕಥೆ ಅಂಥದು. 1988ರಲ್ಲಿ ಕ್ಯಾರೊಲಿನ್ ಮತ್ತು ಯೂಜೀನ್ ಶೂಮೇಕರ್ ದಂಪತಿ ಕಂಡುಹಿಡಿದ ಈ ಕಲ್ಲಿನ ಅಡ್ಡಳತೆ ಮೂರು-ನಾಲ್ಕು ಕಿಲೊಮೀಟರ್. ಮಂಗಳ ಮತ್ತು ಗುರುಗ್ರಹಗಳ ನಡುವಿನ ಪಟ್ಟಿಯಲ್ಲಿ ಲಕ್ಷಾಂತರ ಕಲ್ಲುಗಳ ಜತೆ ತನ್ನ ಪಾಡಿಗೆ ತಾನಿತ್ತು. 2019ರ ಜನವರಿಯಲ್ಲಿ ನೋಡಿದರೆ ಅದಕ್ಕೊಂದು ಬಾಲ! ಎಂಟು ಲಕ್ಷ ಕಿಲೊಮೀಟರಿಗೂ ಉದ್ದದ ದೂಳಿನ ಬಾಲ. ಕೆಲವೇ ದಿನಗಳಲ್ಲಿ ಎರಡನೆಯದೂ ಕಾಣಿಸಿತು. ಬಾಲ ಬರುವುದು ಧೂಮಕೇತುವಿಗೆ. ಅದರ ಮಂಜುಗಡ್ಡೆ ಬಿಸಿಲಿಗೆ ಆವಿಯಾಗಿ ದೂಳನ್ನು ಹೊತ್ತೊಯ್ಯುತ್ತದೆ. ಒಣಕಲ್ಲಿಗೆ ಬಾಲವೆಲ್ಲಿಂದ?

ಉತ್ತರ ಹುಡುಕಿದ ದೂರದರ್ಶಕಗಳಲ್ಲಿ ಒಂದಕ್ಕೆ ಕರ್ನಾಟಕದ ನಂಟಿದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯದು. ಎರಡು ಮೀಟರ್ ಅಗಲದ ಅದರ ಕನ್ನಡಿಯನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕುಳಿತೇ ನಡೆಸುವ ವ್ಯವಸ್ಥೆ ಇದೆ. ಬಯಲುಸೀಮೆಯ ಬೆಚ್ಚನೆಯ ಕೋಣೆಯಿಂದ ಲಡಾಖಿನ ಚಳಿರಾತ್ರಿಯನ್ನು ನೋಡುವುದೆಂದರೆ ಸಣ್ಣ ಸಂಗತಿಯೇನಲ್ಲ. ಈ ದೂರದರ್ಶಕವೂ ಯೂರೋಪಿನ ಕೆಲವು ದೂರದರ್ಶಕಗಳೂ ಗಾಲ್ಟ್ ಬೆಳಕಿನ ಏರಿಳಿತವನ್ನು ಅಳೆದಾಗ ಅದು ಸುಮಾರು ಎರಡು ಗಂಟೆಗೊಮ್ಮೆ ತನ್ನ ಸುತ್ತ ತಾನೇ ಗಿರಗಿರ ಸುತ್ತುತ್ತಿದೆ ಎಂದು ಗೊತ್ತಾಯಿತು. ಮುಂದಿನ ಅಳತೆಗಳಲ್ಲಿ ಇದು ಎರಡೂವರೆ ಗಂಟೆಯ ಸಮೀಪಕ್ಕೆ ಬಂತು. ಜಲ್ಲಿ ರಾಶಿಯಂತೆ ಸಡಿಲವಾಗಿ ಕೂಡಿದ ಕಲ್ಲಿಗೆ ಇದು ಅಪಾಯದ ವೇಗ. ಇದಕ್ಕಿಂತ ಜೋರಾದರೆ ಮೈಮೇಲಿನ ಮಣ್ಣು ಜಾರಿ ಹಾರಿಹೋಗುತ್ತದೆ.

ಇಷ್ಟು ಜೋರಾಗಿ ತಿರುಗಿಸಿದವರು ಯಾರು? ಬಿಸಿಲು. ಬಿಸಿಲಿಗೆ ಕಾದ ಕಲ್ಲು ಶಾಖವನ್ನು ಹೊರಹಾಕುವಾಗ ಅತಿ ಸಣ್ಣ ತಳ್ಳಾಟವೊಂದು ಉಂಟಾಗುತ್ತದೆ. ಆಕಾರ ಅಂಕುಡೊಂಕಾಗಿದ್ದರೆ ಈ ತಳ್ಳಾಟ ಕೋಟ್ಯಂತರ ವರ್ಷಗಳಲ್ಲಿ ಅದನ್ನು ಬುಗುರಿಯಂತೆ ತಿರುಗಿಸಿಬಿಡಬಲ್ಲದು. ಕಳಚಿದ ಮಣ್ಣನ್ನು ತೂರುವುದೂ ಬಿಸಿಲೇ. ರಾಶಿ ಮಾಡುವ ಯಂತ್ರಗಳು ಬರುವ ಮೊದಲು ಕಣದಲ್ಲಿ ಜೋಳ ತೂರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಳು ಕಾಲ ಬುಡಕ್ಕೆ, ಹೊಟ್ಟು ಗಾಳಿಯ ಪಾಲಿಗೆ. ಗಾಲ್ಟ್ ಬಳಿ ದಪ್ಪ ಹರಳು ಹತ್ತಿರವೇ ಉಳಿಯುತ್ತದೆ, ನುಣ್ಣನೆಯ ದೂಳನ್ನು ಸೂರ್ಯನ ಬೆಳಕಿನ ಒತ್ತಡ ದೂರಕ್ಕೆ ನೂಕುತ್ತದೆ. ಬಾಲಗಳ ಆಕಾರದಿಂದ ಲೆಕ್ಕ ಹಾಕಿ, ದೂಳು ಹೊರಟದ್ದು 2018ರ ಅಕ್ಟೋಬರ್ ಕೊನೆಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ ಎಂದು ಕಂಡುಕೊಂಡರು. ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ 2013ರಲ್ಲೂ ಅದು ದೂಳು ಚೆಲ್ಲಿತ್ತು. ಆಗ ಯಾರೂ ಗಮನಿಸಿರಲಿಲ್ಲ, ಅಷ್ಟೆ.

ಇನ್ನು ಬಣ್ಣದ ಮಾತು. ಕಲ್ಲಿನಿಂದ ಮರಳಿ ಬರುವ ಬಿಸಿಲನ್ನು ಬಿಡಿಸಿ ನೋಡಿದರೆ ಕೆಲವು ಜಾಗಗಳಲ್ಲಿ ಬೆಳಕು ಕಡಿಮೆ ಇರುತ್ತದೆ. ಆಲಿವಿನ್, ಪೈರಾಕ್ಸಿನ್ ಎಂಬ ಖನಿಜಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನುಂಗುವ ಗುರುತು ಅದು. ಆದರೆ ಗಾಳಿಯಿಲ್ಲದ ಜಾಗದಲ್ಲಿ ಸೂರ್ಯನಿಂದ ಬರುವ ಕಣಗಳ ಹೊಡೆತಕ್ಕೆ ಕಲ್ಲಿನ ಮೇಲ್ಮೈ ವರ್ಷಾನುಗಟ್ಟಲೆ ಮಾಸಿ ಕೆಂಪೇರುತ್ತದೆ. ನಾವು ಓದುವುದು ಈ ಮಾಸಿದ ಮೇಲ್ಪದರವನ್ನು; ಒಳಗೇನಿದೆಯೋ ಊಹೆ. ಗಾಲ್ಟ್ ತಾನಾಗಿಯೇ ಹೊದಿಕೆ ಕೊಡವಿತು. 2019ರಲ್ಲಿ ಅದರ ಬಣ್ಣ ಒಂದು ರಾತ್ರಿಗೂ ಇನ್ನೊಂದು ರಾತ್ರಿಗೂ ಬೇರೆಯಾಗಿ ಕಂಡಿತು. ಒಮ್ಮೆ ಸ್ಪಷ್ಟವಾಗಿ ನೀಲಿಯ ಕಡೆಗಿತ್ತು. ದೂಳು ಸರಿದು ಬಿಸಿಲು ಕಾಣದ ಹೊಸ ಮಣ್ಣು ಇಣುಕಿರಬೇಕು ಎಂಬುದು ಒಂದು ತಂಡದ ವಿವರಣೆ. ನೇಗಿಲು ಹೊಡೆದ ಸಾಲಿನ ಮಣ್ಣು ಪಕ್ಕದ ಪಾಳು ನೆಲಕ್ಕಿಂತ ಬೇರೆಯಾಗಿ ಕಾಣುವುದಿಲ್ಲವೆ, ಹಾಗೆ.

ಈ ಸಿಲಿಕೇಟ್ ಕಲ್ಲು ನಮಗೆ ತೀರ ಅಪರಿಚಿತವೂ ಅಲ್ಲ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿ ಬಳಿ ಆಕಾಶದಿಂದ ಬಿದ್ದ ಕಲ್ಲುಗಳು 'ಸಾಮಾನ್ಯ ಕಾಂಡ್ರೈಟ್' ಎಂಬ ಜಾತಿಯವು. ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಇವೇ. ಗಾಲ್ಟ್ ಜಾತಿಗೆ ಹತ್ತಿರದ ಇಟೊಕಾವಾದಿಂದ ಜಪಾನಿನ ಹಯಬುಸಾ ನೌಕೆ 2010ರಲ್ಲಿ ದೂಳು ತಂದಾಗ ಈ ಸಂಬಂಧ ಖಚಿತವಾಯಿತು. ಬಣ್ಣ ನೋಡಿ ಹೇಳಿದ್ದು ಕೈಯಲ್ಲಿ ಹಿಡಿದಾಗಲೂ ನಿಜವಾಗಿತ್ತು. ಕಲ್ಲು ಗಟ್ಟಿಯೋ ಸಡಿಲವೋ ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ; ಮುಂದೊಂದು ದಿನ ಭೂಮಿಯತ್ತ ಬರುವ ಕಲ್ಲನ್ನು ದಾರಿ ತಪ್ಪಿಸಬೇಕಾದರೆ ಅದೇ ಮೊದಲು ತಿಳಿದಿರಬೇಕು. 2022ರ ಸೆಪ್ಟೆಂಬರಿನಲ್ಲಿ ಡಾರ್ಟ್ ನೌಕೆ ಡೈಮಾರ್ಫಸ್‌ಗೆ ಢಿಕ್ಕಿ ಹೊಡೆದಾಗ ಅದಕ್ಕೂ ಉದ್ದನೆಯ ದೂಳಿನ ಬಾಲ ಬಂದಿತ್ತು.

ಎಲ್ಲ ಕಲ್ಲುಗಳೂ ಗಾಲ್ಟ್‌ನಷ್ಟು ಸರಳವಲ್ಲ. ಫೇಥಾನ್ ಎಂಬ ನೀಲಿ ಛಾಯೆಯ ಕಲ್ಲು ಸೂರ್ಯನಿಗೆ ಬುಧಗ್ರಹಕ್ಕಿಂತಲೂ ಹತ್ತಿರ ಹೋಗಿ 700 ಡಿಗ್ರಿ ಮೀರಿ ಕಾಯುತ್ತದೆ. ಅದರ ಬಾಲವನ್ನು ದೂಳೆಂದೇ ಬಹುಕಾಲ ನಂಬಿದ್ದರು. ಅದು ಸೋಡಿಯಂ ಅನಿಲದ್ದೆಂದು 2023ರಲ್ಲಿ ಪ್ರಕಟವಾಯಿತು. ಹಾಗಾದರೆ ಅದರ ಹಾದಿಯಲ್ಲಿ ಹರಡಿರುವ ದೂಳೆಲ್ಲ ಎಂದು, ಹೇಗೆ ಉದುರಿತು? ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಆ ದೂಳನ್ನು ನೋಡಲು ಮಾತ್ರ ಯಾವ ಉಪಕರಣವೂ ಬೇಡ. ಡಿಸೆಂಬರ್ 13-14ರ ರಾತ್ರಿ, ಮೋಡವೂ ಬೆಳದಿಂಗಳೂ ಇಲ್ಲದಿದ್ದರೆ, ನಿಡೋಣಿ ಕಡೆಯ ಹೊಲಕ್ಕೆ ನೀರು ಹಾಯಿಸಲು ಹೋದವರು ತಲೆ ಎತ್ತಿದರೆ ಸಾಕು. ಸರ್ರನೆ ಉರಿದು ಹೋಗುವ ಜೆಮಿನಿಡ್ ಉಲ್ಕೆಗಳು ಫೇಥಾನ್ ಚೆಲ್ಲಿದ ದೂಳೇ.