ಕೂಲಿ ಸಮ ಅಂದ್ರು, ಕೇಳೋ ಬಾಯಿಗೆ ಬೀಗ ಜಡಿದ್ರು

ಕೆಸರೆಯಂಥ ಬಡಾವಣೆಗಳಲ್ಲಿ ಮನೆಯೊಳಗೇ ಕೂತು ಬೀಡಿ ಕಟ್ಟೋದು, ಊದುಬತ್ತಿ ಹೊಸೆಯೋದು ಹೆಂಗಸರ ಪಾಲಿನ ಕೆಲಸ. ಕೂಲಿ ಲೆಕ್ಕ ಸಾವಿರಕ್ಕೆ ಇಷ್ಟು ಅಂತ. ಸರಿಯಿಲ್ಲ ಅಂತ ಕಂಟ್ರಾಕ್ಟರು ಪಕ್ಕಕ್ಕೆ ಎಸೆದ ಬೀಡಿಗೆ ಕಾಸಿಲ್ಲ.

ಈ ಹೆಂಗಸರಿಗೂ ದಿಲ್ಲಿಗೂ ಏನು ಸಂಬಂಧ ಅಂತೀರಾ? ಇದೆ.

1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಜೂನ್ 19ರಿಂದ ಮೆಕ್ಸಿಕೋದಲ್ಲಿ ಸ್ತ್ರೀ ಸಮಾನತೆಯ ವಿಶ್ವ ಸಮ್ಮೇಳನ ನಡೆದಿತ್ತು. ಅದಿನ್ನೂ ಮುಗಿದಿರಲಿಲ್ಲ, 25ರ ರಾತ್ರಿ ಇಲ್ಲಿ ತುರ್ತು ಪರಿಸ್ಥಿತಿ! ಪ್ರಧಾನಿ ಹೆಣ್ಣುಮಗಳೇ. ಪತ್ರಿಕೆಗೆ ಸೆನ್ಸಾರ್, ವಿರೋಧ ಪಕ್ಷದವರಿಗೆ ಮೀಸಾ. ಮೂರು ತಿಂಗಳಿಗೆ, ಸೆಪ್ಟೆಂಬರ್ 26ರಂದು, ಸಮಾನ ವೇತನದ ಸುಗ್ರೀವಾಜ್ಞೆ ಬಂತು. 1976ರ ಫೆಬ್ರವರಿಯಲ್ಲಿ ಕಾಯ್ದೆಯೂ ಆಯ್ತು. ಗಂಡಸಿನ ಕೆಲಸವನ್ನೇ ಹೆಂಗಸು ಮಾಡಿದ್ರೆ ಕೂಲಿ ಕಡಿಮೆ ಕೊಡೋ ಹಾಗಿಲ್ಲ. ಸಂವಿಧಾನದ 39ನೇ ವಿಧಿ 1950ರಲ್ಲೇ ಹೇಳಿದ್ದ ಮಾತಿಗೆ ಕಾನೂನಾಗಲು 25 ವರ್ಷ ಹಿಡಿಯಿತು.

ಒಳ್ಳೆ ಕಾನೂನೇ, ಅಲ್ಲ ಅನ್ನೋಕಾಗಲ್ಲ. ಆದರೆ ಗಂಡಸೇ ಕೂರದ ಕೆಲಸದಲ್ಲಿ ಯಾರ ಜತೆ ಹೋಲಿಸಬೇಕು ಸ್ವಾಮಿ? ಊದುಬತ್ತಿ ಮಣೆ ಮುಂದೆ ಇರೋರೆಲ್ಲ ಹೆಂಗಸರೇ ಆದ್ರೆ, ಎಲ್ಲರಿಗೂ ಸಮಾನವಾಗಿ ಕಡಿಮೆ! ಇದನ್ನು ಕೇಳಬೇಕಾದ್ದು ಸಂಘ ಕಟ್ಟಿ, ಬೀದಿಗೆ ಬಂದು. ಆಗ ಬೀದಿಗೆ ಬಂದವರಿಗೆ ಪೊಲೀಸ್ ವ್ಯಾನು ಕಾದಿತ್ತು.

ಸರ್ಕಾರಕ್ಕೆ ಎದುರು ನಿಂತ ಹೆಣ್ಣಿನ ಗತಿ ಏನಾಯ್ತು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ. ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿ 1976ರ ಮೇ ತಿಂಗಳಲ್ಲಿ ಹಿಡಿದರು. ಕೊನೆಗೆ ಆರೋಪಪಟ್ಟಿಯಲ್ಲಿ ಆಕೆ ಹೆಸರೇ ಇಲ್ಲ. ಆದರೂ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು. ಆಸ್ತಮಾ ಉಸಿರು ಕಟ್ಟಿಸುತ್ತಿತ್ತು. ಅಂಥದ್ದರಲ್ಲೂ ಹೆಣ್ಣು ಕೈದಿಗಳನ್ನು ಹೊಡೆಯೋದರ ವಿರುದ್ಧ ದನಿ ಎತ್ತಿದರು. 1977ರ ಜನವರಿ 15ರಂದು ಪೆರೋಲ್ ಕೊಟ್ಟರು. 20ರಂದು ಪ್ರಾಣ ಹೋಯ್ತು.

ಮಾರ್ಚ್‌ನಲ್ಲಿ ಜನ ವೋಟು ಹಾಕಿ ಸರ್ಕಾರವನ್ನೇ ಕೆಡವಿದರು. ಕಾಯ್ದೆ ಉಳಿಯಿತು. ಅದನ್ನು ಒಳಗೆ ಸೇರಿಸಿಕೊಂಡ 2019ರ ವೇತನ ಸಂಹಿತೆಯಲ್ಲೂ ಷರತ್ತು ಹಳೇದೇ: ಅದೇ ಕೆಲಸ, ಇಲ್ಲಾ ಅದೇ ಬಗೆಯ ಕೆಲಸ ಆಗಿರಬೇಕು. ಮನೆ ಜಗುಲಿಯ ಬೀಡಿ ಮೊರದ ಪಕ್ಕ ಹೋಲಿಸೋಕೆ ಗಂಡಸು ಇನ್ನೂ ಬಂದು ಕೂತಿಲ್ಲ.