ಹೊಸ ಚಾಲಕನ ಕೈ ಮತ್ತು ಕಣ್ಣು

೩೦ ಸೆಂಟಿಮೀಟರಿನ ಅಳತೆಪಟ್ಟಿಯೊಂದನ್ನು ಸ್ನೇಹಿತನ ಕೈಗೆ ಕೊಡಿ. ಅವನು ಅದನ್ನು ಮೇಲ್ತುದಿಯಲ್ಲಿ ಹಿಡಿದು ನೇರವಾಗಿ ತೂಗಬಿಡಲಿ. ಕೆಳಗಡೆ ಸೊನ್ನೆಯ ಗುರುತಿನ ಇಕ್ಕೆಲಗಳಲ್ಲಿ ನಿಮ್ಮ ಹೆಬ್ಬೆರಳನ್ನೂ ತೋರುಬೆರಳನ್ನೂ ಪಟ್ಟಿಗೆ ತಾಗದಂತೆ ಇರಿಸಿಕೊಳ್ಳಿ. ಅವನು ಮುನ್ಸೂಚನೆ ಕೊಡದೆ ಪಟ್ಟಿಯನ್ನು ಬಿಟ್ಟೊಡನೆ ನೀವು ಹಿಡಿಯಬೇಕು. ೨೦ ಸೆಂಟಿಮೀಟರಿನ ಗುರುತಿನಲ್ಲಿ ಹಿಡಿದಿರಾದರೆ, ಬೀಳುವ ವಸ್ತುಗಳ ನಿಯಮದಂತೆ, ಅದಕ್ಕೆ ತಗಲಿದ ಕಾಲ ಒಂದು ಸೆಕೆಂಡಿನ ಐದನೆಯ ಒಂದು ಭಾಗ. ತರುಣರ ಕೈ ಸಾಮಾನ್ಯವಾಗಿ ವೃದ್ಧರ ಕೈಗಿಂತ ಚುರುಕು. ಅಪಾಯ ಎದುರಾದರೆ ಥಟ್ಟನೆ ಬ್ರೇಕು ಹಾಕಬಲ್ಲೆವೆಂದು ಈ ಚುರುಕನ್ನೇ ನೆಚ್ಚಿ ಮೋಟಾರು ಸೈಕಲ್ಲನ್ನೇರುವ ಹುಡುಗರುಂಟು. ಆ ನೆಚ್ಚಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಪಟ್ಟಿಯ ಪ್ರಯೋಗದಲ್ಲಿ ಏನಾಗಲಿದೆಯೆಂಬುದು ಮೊದಲೇ ಗೊತ್ತು. ಮಾಡಬೇಕಾದ ಕೆಲಸವೂ ಒಂದೇ. ರಸ್ತೆಯಲ್ಲಿ ಹಾಗಲ್ಲ. ಅನಿರೀಕ್ಷಿತವಾದುದನ್ನು ಕಣ್ಣು ಕಾಣಬೇಕು, ಅದು ಏನೆಂದು ಮಿದುಳು ಗುರುತಿಸಬೇಕು, ಬ್ರೇಕು ಹಾಕಬೇಕೋ ಪಕ್ಕಕ್ಕೆ ತಿರುಗಬೇಕೋ ಎಂದು ನಿಶ್ಚಯಿಸಬೇಕು. ಆಮೇಲಲ್ಲವೆ ಕೈಕಾಲುಗಳು ಚಲಿಸುವುದು? ಇವೆಲ್ಲಕ್ಕೂ ಸೇರಿ ಸುಮಾರು ಒಂದೂವರೆ ಸೆಕೆಂಡು ಎಂದು ಗಣಿಸಬಹುದು. ಗಂಟೆಗೆ ೪೦ ಕಿಲೋಮೀಟರು ವೇಗದ ವಾಹನ ಅಷ್ಟರಲ್ಲಿ ಹೆಚ್ಚುಕಡಮೆ ೧೭ ಮೀಟರು ಮುಂದೆ ಸರಿದಿರುತ್ತದೆ. ೬೦ ಕಿಲೋಮೀಟರು ವೇಗದ್ದು ೨೫ ಮೀಟರು. ಬ್ರೇಕು ಹಿಡಿದ ಮೇಲೆ ಓಡುವ ದೂರ ಬೇರೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಆ ದೂರವೂ ವರ್ಗದಂತೆಯೇ ಬೆಳೆಯುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ ೭ ಮೀಟರಿನಷ್ಟು ವೇಗವನ್ನು ತಗ್ಗಿಸುತ್ತದೆಂದು ಇಟ್ಟುಕೊಳ್ಳೋಣ. ೪೦ರ ವೇಗದಲ್ಲಿ ಸುಮಾರು ೯ ಮೀಟರು ಸಾಕು. ೬೦ರಲ್ಲಿ ೨೦ ಮೀಟರು ಬೇಕು. ಮಳೆ ಬಿದ್ದು ರಸ್ತೆ ನೆನೆದಾಗ ಇದು ಇನ್ನೂ ಹೆಚ್ಚು. ಧೂಳೂ ಎಣ್ಣೆಯ ಜಿಡ್ಡೂ ತೇಲಿಬರುವ ಮುಂಗಾರಿನ ಮೊದಲ ಮಳೆಯಂತೂ ದ್ವಿಚಕ್ರವಾಹನಗಳಿಗೆ ಬಹು ಕೆಟ್ಟದ್ದು.

ಈಗ ೨೬ ಮೀಟರು ಮುಂದೆ ಮಗುವೊಂದು ಚೆಂಡಿನ ಹಿಂದೆ ರಸ್ತೆಗೆ ಓಡಿಬಂದಿತೆನ್ನಿ. ೪೦ರ ವೇಗದವನು ಮಗುವಿನ ಮುಂದೆ ಅರ್ಧ ಮೀಟರು ಉಳಿದಿರುವಂತೆ ನಿಲ್ಲುತ್ತಾನೆ. ೬೦ರ ವೇಗದವನೋ? ೨೫ ಮೀಟರು ಬ್ರೇಕಿಲ್ಲದೆಯೇ ಕಳೆದುಹೋಯಿತು. ಉಳಿದುದು ಒಂದೇ ಮೀಟರು. ಅವನು ಮಗುವಿಗೆ ತಾಗುವಾಗಿನ ವೇಗ ಗಂಟೆಗೆ ೫೮ ಕಿಲೋಮೀಟರು. ನಾಲ್ಕಂತಸ್ತಿನ ಕಟ್ಟಡದ ಮೇಲಿಂದ ಬಿದ್ದ ವಸ್ತು ನೆಲಕ್ಕೆ ಅಪ್ಪಳಿಸುವ ವೇಗವೂ ಬಹುಮಟ್ಟಿಗೆ ಇಷ್ಟೆ. ಚುರುಕು ಕೈಯಿಂದ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಅವನು ಉಳಿಸಿದನೆಂದೇ ಒಪ್ಪೋಣ. ಆಗ ಆ ವೇಗ ೫೬ಕ್ಕೆ ಇಳಿದೀತು! ವಾಚಕರು ತಾವೇ ಕಾಗದದ ಮೇಲೆ ಈ ಲೆಕ್ಕವನ್ನು ಒರೆದು ನೋಡಬಹುದು.

ಹಾಗಾದರೆ ಹೊಸ ಚಾಲಕನಿಗೆ ಕೊರತೆ ಇರುವುದೆಲ್ಲಿ? ಕಣ್ಣಿನಲ್ಲಿ, ಕಣ್ಣಿನ ಹಿಂದಿರುವ ಅನುಭವದಲ್ಲಿ. ಅಮೆರಿಕದ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಸಂಶೋಧಕರು ಚಾಲಕರ ಕಣ್ಣುಗಳ ಚಲನೆಯನ್ನು ಅಳೆದು ೧೯೭೨ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೊಸಬರು ವಾಹನದ ಸಮೀಪದ ರಸ್ತೆಯನ್ನೇ ಹೆಚ್ಚಾಗಿ ನೋಡುತ್ತಾರೆ. ಕನ್ನಡಿಗಳನ್ನು ನೋಡುವುದು ಕಡಮೆ. ಪಳಗಿದವರ ನೋಟ ದೂರಕ್ಕೆ ಹಾಯುತ್ತದೆ. ವಾಹನವನ್ನು ನೇರವಾಗಿ ಓಡಿಸುವುದರಲ್ಲಿಯೇ ಗಮನವೆಲ್ಲ ವ್ಯಯವಾಗುವವನಿಗೆ ದೂರ ನೋಡಲು ಬಿಡುವೆಲ್ಲಿ? ಈ ಬಿಡುವು ಅಭ್ಯಾಸದಿಂದ ಮಾತ್ರ ದೊರೆಯತಕ್ಕದ್ದು.

ಅಭ್ಯಾಸವಾಗುವ ಮೊದಲೇ ಗೆಳೆಯರು ಹಿಂದೆ ಏರುತ್ತಾರೆ. ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಗಣಕಯಂತ್ರದ ಆಟವೊಂದರಲ್ಲಿ ಹಳದಿ ದೀಪ ಕಂಡಮೇಲೂ ಕಾರನ್ನು ಮುಂದೆ ಓಡಿಸಿದಷ್ಟು ಅಂಕಗಳು ಹೆಚ್ಚು. ಆದರೆ ಯಾವ ಕ್ಷಣದಲ್ಲಾದರೂ ಕೆಂಪು ದೀಪ ಹತ್ತಿ ಅಪಘಾತವಾಗಬಹುದು. ಒಂಟಿಯಾಗಿ ಆಡಿದಾಗಿಗಿಂತ ಗೆಳೆಯರೆದುರು ಆಡಿದಾಗ ಹದಿಹರೆಯದವರು ಬಹಳ ಹೆಚ್ಚಿನ ಅಪಾಯವನ್ನು ಮೈಮೇಲೆಳೆದುಕೊಂಡರು. ವಯಸ್ಕರಲ್ಲಿ ಅಂಥ ವ್ಯತ್ಯಾಸ ಕಾಣಬರಲಿಲ್ಲ. ಗೆಳೆಯರು ಹುರಿದುಂಬಿಸಲೇಬೇಕೆಂದಿಲ್ಲ, ನೋಡುತ್ತಿದ್ದರೂ ಸಾಕೇನೋ!

ನ್ಯೂಜಿಲೆಂಡು ದೇಶವು ೧೯೮೭ರಲ್ಲಿ ಮೆಟ್ಟಲು ಮೆಟ್ಟಲಾಗಿ ಪರವಾನಗಿ ನೀಡುವ ಪದ್ಧತಿಯನ್ನು ತಂದಿತು. ಎರಡನೆಯ ಮೆಟ್ಟಲಿನಲ್ಲಿರುವ ಚಾಲಕನು, ಅನುಭವಿಯೊಬ್ಬ ಜೊತೆಗಿಲ್ಲದೆ, ರಾತ್ರಿ ಹೊತ್ತು ಕಾರು ಓಡಿಸುವಂತಿಲ್ಲ, ಇತರರನ್ನು ಕೂರಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ೧೯೮೮ರ ಮೋಟಾರು ವಾಹನ ಶಾಸನದಂತೆ ೧೬ ವರ್ಷದವರು ೫೦ ಸಿ.ಸಿ. ಮೀರದ ದ್ವಿಚಕ್ರವಾಹನವನ್ನು ಮಾತ್ರ ನಡೆಸಬಹುದು. ಅಂಥವು ಇಂದು ರಸ್ತೆಯಲ್ಲಿ ಕಾಣುವುದೇ ಅಪೂರ್ವ. ಉಳಿದುವಕ್ಕೆಲ್ಲ ೧೮ ತುಂಬಿರಬೇಕು. ೨೦೧೯ರ ತಿದ್ದುಪಡಿಯು ಅಪ್ರಾಪ್ತ ವಯಸ್ಕನ ತಪ್ಪಿಗೆ ಪೋಷಕರನ್ನೂ ವಾಹನದ ಒಡೆಯನನ್ನೂ ಹೊಣೆಯಾಗಿಸಿ, ೨೫,೦೦೦ ರೂಪಾಯಿ ದಂಡವನ್ನೂ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ವಿಧಿಸಿದೆ. ಆದರೂ ಮನೆಪಾಠಕ್ಕೆ ತಡವಾಯಿತೆಂದು ಸ್ಕೂಟರಿನ ಬೀಗದಕೈಯನ್ನು ಮಗನಿಗೆ ಕೊಡುವ ತಂದೆ ನಮ್ಮ ಊರುಗಳಲ್ಲಿ ಅಪೂರ್ವನಲ್ಲ.

ಪರವಾನಗಿಗೆ ಕಾಯುತ್ತಿರುವವರು ಕೂಡ ನೋಟವನ್ನು ಈಗಿನಿಂದಲೇ ಪಳಗಿಸಬಹುದು. ಕಂಡುದನ್ನು ಬಾಯಿಬಿಟ್ಟು ಹೇಳುತ್ತ ವಾಹನ ನಡೆಸುವ ಅಭ್ಯಾಸವೊಂದನ್ನು ಬ್ರಿಟನ್ನಿನ ಪೊಲೀಸು ಚಾಲಕರಿಗೆ ಕಲಿಸುತ್ತಾರೆ. ನೀವು ಬಸ್ಸಿನ ಮುಂದಿನ ಆಸನದಲ್ಲಿ ಕುಳಿತಾಗ ಇದನ್ನು ಮನಸ್ಸಿನಲ್ಲಿಯೇ ಮಾಡಿ. ನಿಂತ ಲಾರಿಯ ಅಡಿಯಲ್ಲಿ ಕಾಣುವ ಕಾಲುಗಳು, ಅಡ್ಡ ಬರಲಿರುವ ದನ, ಮುಂಗಾಲಿ ಓರೆಯಾದ ಆಟೋರಿಕ್ಷಾ, ಕತ್ತಲಲ್ಲಿ ದೀಪವಿಲ್ಲದ ಕಬ್ಬಿನ ಗಾಡಿ—ಕಂಡೊಡನೆ ಅದರ ಹೆಸರು ಹೇಳಿಕೊಂಡು, ಬಸ್ಸು ಅದನ್ನು ತಲಪುವವರೆಗೆ ಸೆಕೆಂಡುಗಳನ್ನು ಎಣಿಸಿ. ಎಣಿಕೆ ಎರಡನ್ನು ಮುಟ್ಟುವುದರೊಳಗೆ ತಲಪಿದರೆ, ನೀವು ಚಾಲಕರಾಗಿದ್ದ ಪಕ್ಷದಲ್ಲಿ ಬ್ರೇಕಿಗೆ ಸಮಯವೇ ಇರುತ್ತಿರಲಿಲ್ಲ. ಮೊದಲ ದಿನ ಎಷ್ಟೆಷ್ಟು ಬಂದಿತೆಂಬುದನ್ನು ಬರೆದಿಟ್ಟುಕೊಳ್ಳಿ. ಅದೇ ದಾರಿಯಲ್ಲಿ ಹದಿನೈದು ದಿನ ಎಣಿಸಿದ ಮೇಲೆ ಹೋಲಿಸಿ ನೋಡಿ.