ಒಂದೇ ವೀಸಾ, 29 ದೇಶ: ಅಮ್ಮ ಮತ್ತೆ ಮ್ಯೂನಿಕ್‌ಗೆ ಯಾವಾಗ ಹೋಗಬಹುದು?

ಬಸ್ಸಲ್ಲಿ ಕಿಟಕಿ ಪಕ್ಕ ಸೀಟ್ ಸಿಕ್ಕಿರೋರಿಗೂ, ಮೆಟ್ರೋದಲ್ಲಿ ನಿಂತ್ಕೊಂಡೇ ಕೇಳ್ತಿರೋರಿಗೂ ಸ್ವಾಗತ.

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ದಾವಣಗೆರೆಯ ಕೇಳುಗರೊಬ್ಬರು. ಅವರ ಅಕ್ಕ ಇರೋದು ಜರ್ಮನಿಯ ಮ್ಯೂನಿಕ್‌ನಲ್ಲಿ. ಬಾಣಂತನಕ್ಕೆ ಅಂತ ಅಮ್ಮ ಮಾರ್ಚ್ 1ಕ್ಕೆ ಹೋಗಿ, ಮೇ 29ಕ್ಕೆ ವಾಪಸ್ ಬಂದಿದ್ದಾರೆ. ಅಕ್ಕನ ರಜೆ ಮುಗೀತಾ ಬಂತು, ಮಗು ನೋಡ್ಕೊಳ್ಳೋಕೆ ಅಮ್ಮ ಮತ್ತೆ ಬೇಕು. "ಜುಲೈಗೆ ಟಿಕೆಟ್ ರೇಟ್ ಕಡಿಮೆ ಇದೆ, ಬುಕ್ ಮಾಡ್ಲಾ?" ಅನ್ನೋದು ಅವರ ಪ್ರಶ್ನೆ.

ಬೇಡ, ಸ್ವಲ್ಪ ತಡೀರಿ.

ಮೊದಲು ಈ ವೀಸಾ ಏನು ಅಂತ ನೋಡೋಣ. ಷೆಂಗೆನ್ ಅನ್ನೋದು ಲಕ್ಸೆಂಬರ್ಗ್ ದೇಶದಲ್ಲಿ ಮೊಸೆಲ್ ನದಿ ದಡದ ಒಂದು ಪುಟ್ಟ ಊರು. 1985ರ ಜೂನ್ 14ರಂದು ಬೆಲ್ಜಿಯಂ, ಫ್ರಾನ್ಸ್, ಲಕ್ಸೆಂಬರ್ಗ್, ನೆದರ್‌ಲ್ಯಾಂಡ್ಸ್ ಮತ್ತು ಆಗಿನ ಪಶ್ಚಿಮ ಜರ್ಮನಿ, ಈ ಐದು ದೇಶದವರು ಅಲ್ಲೇ ನದಿಯ ಮೇಲೊಂದು ಹಡಗಿನಲ್ಲಿ ಕೂತು ಒಪ್ಪಂದಕ್ಕೆ ಸಹಿ ಹಾಕಿದ್ರು. ನಮ್ಮ ನಮ್ಮ ನಡುವಿನ ಗಡಿಯಲ್ಲಿ ತಪಾಸಣೆ ಬೇಡ ಅನ್ನೋದು ಒಪ್ಪಂದ. ಅದು ಜಾರಿಗೆ ಬರೋಕೆ 1995 ಆಯ್ತು. ಇವತ್ತು ಇದರಲ್ಲಿ 29 ದೇಶ ಇವೆ. ಐರೋಪ್ಯ ಒಕ್ಕೂಟದಲ್ಲಿ ಇಲ್ಲದ ಸ್ವಿಟ್ಜರ್‌ಲ್ಯಾಂಡ್, ನಾರ್ವೆ ಕೂಡ ಒಳಗಿವೆ. ಒಕ್ಕೂಟದಲ್ಲೇ ಇರೋ ಐರ್ಲೆಂಡ್ ಹೊರಗಿದೆ. ಬ್ರಿಟನ್ ಅಂತೂ ಪೂರ್ತಿ ಬೇರೆ ವೀಸಾ.

ಈ ಕೊನೇ ಸಾಲು ಮರೆತು ನನ್ನ ಕಾಲೇಜ್ ಫ್ರೆಂಡ್ ಒಬ್ಬ ಸಿಕ್ಕಾಕ್ಕೊಂಡ. ಅವನ ಹತ್ರ ಬ್ರಿಟನ್ ವೀಸಾನೂ ಇತ್ತು. ಪ್ಯಾರಿಸ್ ನೋಡ್ಕೊಂಡು ರೈಲಲ್ಲಿ ಲಂಡನ್‌ಗೆ ಹೋದ. ನಾಲ್ಕು ದಿನ ಬಿಟ್ಟು ವಾಪಸ್ ರೈಲು ಹತ್ತೋಕೆ ಹೋದ್ರೆ ಲಂಡನ್ ಸ್ಟೇಷನ್‌ನಲ್ಲೇ ತಡೆದ್ರು. ವೀಸಾ ಸ್ಟಿಕ್ಕರ್ ಮೇಲೆ ಎಷ್ಟು ಸಲ ಪ್ರವೇಶ ಅನ್ನೋ ಜಾಗದಲ್ಲಿ 01 ಅಂತಿತ್ತು. ಅಂದ್ರೆ ಒಂದೇ ಸಲ ಒಳಗೆ ಹೋಗಬಹುದು. ಪ್ಯಾರಿಸ್‌ನಿಂದ ಲಂಡನ್‌ಗೆ ಹೊರಟ ಕ್ಷಣಕ್ಕೇ ಆ ವೀಸಾ ಮುಗೀತು, ಇನ್ನೂ ಹತ್ತು ದಿನ ಬಾಕಿ ಇದ್ರೂ! ಲಂಡನ್‌ನಿಂದಲೇ ಹೊಸ ಟಿಕೆಟ್ ತಗೊಂಡು ಊರಿಗೆ ಬಂದ. ಎಷ್ಟು ಸಲ ಬೇಕಾದ್ರೂ ಒಳಗೆ ಹೋಗಬಹುದು ಅಂತಾದ್ರೆ ಅಲ್ಲಿ 'ಮಲ್ಟ್' ಅಂತ ಇರುತ್ತೆ. ಸ್ಟಿಕ್ಕರ್ ಕೈಗೆ ಬಂದ ದಿನವೇ ಇದನ್ನ ನೋಡ್ಕೊಳ್ಳಿ.

ಈಗ ಅಮ್ಮನ ವಿಷಯ. ನಿಯಮ ಇಷ್ಟೇ: ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರೋ ಹಾಗಿಲ್ಲ. 29 ದೇಶದ್ದೂ ಸೇರಿ 90. ಮ್ಯೂನಿಕ್‌ನಲ್ಲಿ 90 ದಿನ ಮುಗಿಸಿ ವಿಯೆನ್ನಾಕ್ಕೆ ಹೋದ್ರೆ ಲೆಕ್ಕ ಹೊಸದಾಗಲ್ಲ. ಹೋದ ದಿನ, ಬಂದ ದಿನ ಎರಡೂ ಲೆಕ್ಕಕ್ಕೆ ಸೇರುತ್ತೆ.

'ಯಾವುದೇ' ಅನ್ನೋ ಪದದಲ್ಲೇ ಎಲ್ಲ ಇರೋದು. ನಾನು ಬಿ.ಕಾಂ. ಓದಿದವನು, ಹಾಗಾಗಿ ಬ್ಯಾಂಕ್ ಭಾಷೆಯಲ್ಲೇ ಹೇಳ್ತೀನಿ. ಇದು ಏಪ್ರಿಲ್ 1ಕ್ಕೆ ಹೊಸ ಪುಸ್ತಕ ತೆಗೆಯೋ ಹಣಕಾಸು ವರ್ಷದ ಹಾಗಲ್ಲ. ಆ್ಯಪ್‌ನಲ್ಲಿ 'ಕಳೆದ 180 ದಿನಗಳ ಸ್ಟೇಟ್‌ಮೆಂಟ್' ತೆಗೀತೀವಲ್ಲ, ಹಾಗೆ. ದಿನಾ ಕೆಳಗೆ ಒಂದು ಹೊಸ ಸಾಲು ಬರುತ್ತೆ, ಮೇಲಿಂದ ಒಂದು ಹಳೇ ಸಾಲು ಉದುರುತ್ತೆ.

ಮಾರ್ಚ್ 1ರಿಂದ ಮೇ 29ರವರೆಗೆ ಎಣಿಸಿ: 31, 30, 29. ಕರೆಕ್ಟಾಗಿ 90. ಅಮ್ಮನ ಖಾತೆ ಖಾಲಿ. ಜುಲೈನಲ್ಲಿ ಹೋದ್ರೆ ಆ 90 ದಿನವೂ ಸ್ಟೇಟ್‌ಮೆಂಟ್‌ನಲ್ಲೇ ಇರುತ್ತೆ. ಆಗಸ್ಟ್ 27ಕ್ಕೆ ಇಳಿದ್ರೂ ಮಾರ್ಚ್ 1 ಇನ್ನೂ ಒಳಗೇ ಇದೆ, ಅದು 91ನೇ ದಿನ ಆಗುತ್ತೆ. ಆಗಸ್ಟ್ 28ಕ್ಕೆ ಮಾರ್ಚ್ 1 ಉದುರುತ್ತೆ, ಅಮ್ಮ ಒಳಗೆ ಕಾಲಿಡಬಹುದು. ಆಮೇಲೆ ದಿನಕ್ಕೊಂದು ಹಳೇ ದಿನ ಉದುರ್ತಾ ಹೋಗೋದ್ರಿಂದ ಮತ್ತೆ ಪೂರ್ತಿ 90 ದಿನ ಇರಬಹುದು. ವೀಸಾ ಮಾತ್ರ ಚಾಲ್ತಿಯಲ್ಲಿರಬೇಕು. ಹಳೇದು ಒಂದೇ ಪ್ರವೇಶದ್ದಾಗಿದ್ರೆ ಹೊಸದಾಗಿ ಅರ್ಜಿ ಹಾಕ್ಬೇಕು.

"ಒಂದೆರಡು ದಿನ ಹೆಚ್ಚಾದ್ರೆ ಯಾರ್ ನೋಡ್ತಾರೆ" ಅನ್ನೋ ಚಿಕ್ಕಪ್ಪ ಎಲ್ಲರ ಮನೇಲೂ ಇರ್ತಾರೆ. ಮೊದಲು ಅಧಿಕಾರಿ ಪಾಸ್‌ಪೋರ್ಟ್ ಸೀಲ್ ನೋಡಿ ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಫೋಟೊ ತಗೊಂಡು ಕಂಪ್ಯೂಟರೇ ಎಣಿಸೋ ವ್ಯವಸ್ಥೆ ಹಂತಹಂತವಾಗಿ ಶುರುವಾಗಿದೆ. ದಿನ ಮೀರಿದ್ರೆ ದಂಡ, ಪ್ರವೇಶ ನಿಷೇಧ, ಮುಂದಿನ ವೀಸಾಗೂ ತೊಂದರೆ ಆಗಬಹುದು.

ಟೂರ್ ಹೋಗೋರು ಯಾವ ದೇಶಕ್ಕೆ ಅರ್ಜಿ ಹಾಕ್ಬೇಕು? ಬೇಗ ಸ್ಲಾಟ್ ಸಿಕ್ಕ ದೇಶಕ್ಕೆ ಅಲ್ಲ. ಪ್ರವಾಸದ ಮುಖ್ಯ ಗುರಿ ಯಾವ ದೇಶವೋ, ಸಾಮಾನ್ಯವಾಗಿ ಹೆಚ್ಚು ದಿನ ಎಲ್ಲಿರ್ತೀರೋ, ಅಲ್ಲಿಗೆ. ಪ್ಯಾರಿಸ್‌ನಲ್ಲಿ 4 ದಿನ, ಸ್ವಿಟ್ಜರ್‌ಲ್ಯಾಂಡ್‌ನಲ್ಲಿ 6 ದಿನ ಅಂದ್ರೆ ಸ್ವಿಸ್ ವೀಸಾ. ಎಲ್ಲ ಕಡೆ ಸಮ ಇದ್ರೆ, ಮೊದಲು ಕಾಲಿಡೋ ದೇಶ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಗಂಡ, ಹೆಂಡತಿ, 8 ವರ್ಷದ ಮಗ, 4 ವರ್ಷದ ಮಗಳು: ಒಟ್ಟು 225 ಯೂರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ನಿರಾಕರಿಸಿದ್ರೆ ಈ ದುಡ್ಡು ವಾಪಸ್ ಬರಲ್ಲ. ಹಾಗಾಗಿ ವಾಪಸ್ ಸಿಗದ ಹೋಟೆಲ್, ಟಿಕೆಟ್ ಮೊದಲೇ ತಗೋಬೇಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನ ಆರು ತಿಂಗಳು ಮುಂಚೆಯಿಂದಲೇ ಹಾಕಬಹುದು. ಉತ್ತರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಸಲ 45ರವರೆಗೂ ಎಳೆಯುತ್ತೆ.

ಒಂದು ಒಳ್ಳೇ ಸುದ್ದಿನೂ ಇದೆ. ಭಾರತದಲ್ಲಿರೋ ಭಾರತೀಯರಿಗೆ 2024ರ ಏಪ್ರಿಲ್‌ನಲ್ಲಿ ನಿಯಮ ಸಡಿಲ ಆಗಿದೆ. ಹಿಂದಿನ ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ್ರೆ, ಎರಡು ವರ್ಷದ ಬಹುಪ್ರವೇಶ ವೀಸಾ ಸಿಗಬಹುದು. ಅದಾದ ಮೇಲೆ ಐದು ವರ್ಷದ್ದು. ಆಗಲೂ 90 ದಿನದ ಲೆಕ್ಕ ತಪ್ಪಲ್ಲ. ಆದ್ರೆ ಪ್ರತಿ ಸಲ ಕಾಗದ ಹಿಡ್ಕೊಂಡು ಬೆಂಗಳೂರಿಗೆ ಓಡೋದು ತಪ್ಪುತ್ತೆ.

ಹಾಗಾಗಿ ದಾವಣಗೆರೆ ಗೆಳೆಯರೇ, ಜುಲೈ ಟಿಕೆಟ್ ಬಿಡಿ. ಅಮ್ಮನಿಗೆ ಆಗಸ್ಟ್ 30ರ ಮೇಲೆ ನೋಡಿ, ಎರಡು ದಿನ ಕೈಯಲ್ಲಿರಲಿ. ಅಷ್ಟರವರೆಗೆ ಅಕ್ಕ ರಜೆ ಹೇಗೆ ಹೊಂದಿಸ್ತಾರೆ ಅಂತ ಇನ್ನೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.